ಆಮೆ ಚಿಪ್ಪಿನ ಶೀಲ್ಡು

ನಮ್ಮ ಅತ್ತೆ ವೆಂಕಟರತ್ನಮ್ಮನವರಿಗೆ ಹೊಗಳುವುದೇ ಗೊತ್ತಿಲ್ಲ ಎಂದು ನಾನು ಹೇಳಿದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಹೊಗಳುತ್ತಾರೆ. ಮನೆಯ ಹಳೇ ಮಿಕ್ಸಿಯನ್ನು ಹೊಗಳುತ್ತಾರೆ, ಹಿತ್ತಲಿನ ನುಗ್ಗೆಮರವನ್ನು ಹೊಗಳುತ್ತಾರೆ, ಪಕ್ಕದ ಮನೆ ಅಕ್ಕಯಮ್ಮನ ಸೊಸೆಯನ್ನಂತೂ ಊಟಕ್ಕೆ ಮುಂಚೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹಾಗೆ ತಪ್ಪದೆ ಹೊಗಳುತ್ತಾರೆ. (ಆ ಹುಡುಗಿ ರಂಗೋಲಿ ಸ್ಪರ್ಧೆಯಲ್ಲಿ ಒಂದು ಶೀಲ್ಡು ಗೆದ್ದಿದ್ದಾಳೆ. ಅದನ್ನು ಷೋಕೇಸಿನಲ್ಲಿ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ಇಟ್ಟಿದ್ದಾರೆ.) ನನ್ನ ಸರದಿ ಬಂದಾಗ ಮಾತ್ರ ಅತ್ತೆಯ ಬಾಯಲ್ಲಿ ಬರಗಾಲ. ಬೆಳಗ್ಗೆಯಿಂದ ಒದ್ದಾಡಿ ಅವರೆಕಾಳಿನ ಬಸ್ಸಾರು ಮಾಡಿ ಬಡಿಸಿದರೆ, ಎರಡು ತುತ್ತು ತಿಂದು, "ಹ್ಞೂಂ, ತಿನ್ಬೋದು" ಎನ್ನುತ್ತಾರೆ. ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದಾಗಿನಿಂದ ಈ ಕವಿತಳಿಗೆ ಸಂದ ಅತ್ಯುನ್ನತ ಪ್ರಶಸ್ತಿ ಎಂದರೆ ಆ 'ತಿನ್ಬೋದು'.

ಇಂಥ ನನ್ನನ್ನೂ ಒಂದು ದಿನ ಕೀರ್ತಿ ಹುಡುಕಿಕೊಂಡು ಬಂತು. ಬಂದದ್ದು ಮೊಬೈಲಿನೊಳಗಿಂದ.

ನಮ್ಮ ಮಗಳು ಚೈತನ್ಯ ಡಿಗ್ರಿ ಓದುತ್ತಾಳೆ. ಓದದೇ ಇರುವ ಹೊತ್ತಿನಲ್ಲಿ (ಅದೇ ಜಾಸ್ತಿ) ಒಂದು ಆನ್‌ಲೈನ್ ಆಟ ಆಡುತ್ತಾಳೆ. ನಮ್ಮ ಯಜಮಾನರು ಸುನೀಲ್‌ಕುಮಾರ್, ಮೇಲೂರಿನಲ್ಲಿ ಗಣಿತದ ಮೇಷ್ಟ್ರು. ಮಗಳ ಆಟ ಬಿಡಿಸುತ್ತೇನೆ ಎಂದು ಗುಡುಗುತ್ತಾ ಹೋಗಿ ಅವಳ ಪಕ್ಕದಲ್ಲಿ ಕೂತವರು ಆಮೇಲೆ ಏಳಲೇ ಇಲ್ಲ. ಆ ಆಟದಲ್ಲಿ ಕತ್ತಲೆ ಗವಿಗಳಿವೆ. 'ಡಂಜನ್' ಎನ್ನುತ್ತಾರೆ. ಪ್ರತಿಯೊಂದರ ಕೊನೆಯಲ್ಲೂ ಒಬ್ಬ ರಾಕ್ಷಸ. ಅಪ್ಪ ಮಗಳು ಸಿಕ್ಕಿಹಾಕಿಕೊಂಡಿದ್ದ ಗವಿಯಲ್ಲಿದ್ದದ್ದು ಏಳು ಹೆಡೆಯ ಕರಿನಾಗ. ಇವರು ದಿನಾ ಹೋಗುವುದು, ದಿನಾ ಸಾಯುವುದು, ಸತ್ತವರು ಎದ್ದುಬಂದು "ಇವತ್ತೇನು ಸಾರು?" ಎಂದು ಕೇಳುವುದು.

ಒಂದು ಭಾನುವಾರ ಮಧ್ಯಾಹ್ನ ಯಜಮಾನರು ಅಡುಗೆಮನೆ ಬಾಗಿಲಿಗೆ ಬಂದರು. "ಕವಿತಾ, ನಮಗೊಂದು ಟ್ಯಾಂಕ್ ಬೇಕು."

"ಇರೋ ಟ್ಯಾಂಕೇ ತುಂಬ್ತಾ ಇಲ್ಲ. ನಲ್ಲೀಲಿ ನೀರು ಬಂದು ವಾರ ಆಯ್ತು. ಇನ್ನೊಂದು ಯಾಕ್ರೀ, ಉಪ್ಪಿನಕಾಯಿ ಹಾಕೋಕಾ?"

"ಆ ಟ್ಯಾಂಕಲ್ಲಮ್ಮ!" ಎಂದು ಒಳಗಿನಿಂದ ಚೈತನ್ಯ ಕೂಗಿದಳು. "ಟೀಮಲ್ಲಿ ಶೀಲ್ಡ್ ಹಿಡ್ಕೊಂಡು ಎಲ್ಲರಿಗಿಂತ ಮುಂದೆ ನಿಲ್ತಾರಲ್ಲ, ಅವರಿಗೆ ಟ್ಯಾಂಕ್ ಅಂತಾರೆ. ಏಟೆಲ್ಲ ಅವರೇ ತಿನ್ನೋದು. ಹಿಂದೆ ಇರೋರು ಸೇಫ್."

"ಬಿದ್ದ ಏಟು ತಿಂದ್ಕೊಂಡು ಸುಮ್ನೆ ನಿಲ್ಬೇಕು, ಅಷ್ಟೇ. ನಿಂಗೆ ಬರುತ್ತೆ" ಎಂದರು ಯಜಮಾನರು.

"ಬರದೆ ಏನು! ಮದುವೆ ಆದಾಗಿಂದ ಪ್ರಾಕ್ಟೀಸ್ ಮಾಡ್ತಾ ಇದೀನಲ್ಲ" ಎಂದು ಕೈ ಒರೆಸಿಕೊಂಡು ಹೋಗಿ ಕೂತೆ.

ನನ್ನ ಮುಂದೆ ಮೂರು ಶೀಲ್ಡು ಇಟ್ಟರು. ಒಂದು ಚಿನ್ನದ್ದು, ನಡುವೆ ಸೂರ್ಯ, ಸುತ್ತ ಕಿರಣ. ಇನ್ನೊಂದು ಕನ್ನಡಿಯದು, ಬಂದ ಬೆಂಕಿಯನ್ನು ಬಂದ ಕಡೆಗೇ ವಾಪಸು ಕಳಿಸುತ್ತದಂತೆ. ಮೂರನೆಯದು ಆಮೆಯ ಚಿಪ್ಪು. ಪಾಚಿ ಹಿಡಿದ ಬಣ್ಣ, ಅಂಚೆಲ್ಲ ಸವೆದಿತ್ತು. ಅದನ್ನು ಯಾರೂ ಕಣ್ಣೆತ್ತಿಯೂ ನೋಡಲಿಲ್ಲ.

"ಚಿನ್ನದ್ದೇ ತಗೊ, ಲೆಕ್ಕ ಹಾಕಿ ನೋಡಿದೀನಿ" ಎಂದರು ಮೇಷ್ಟ್ರು. ತಗೊಂಡೆ. ಅದರ ಭಾರಕ್ಕೆ ನಾನು ತುಂಬಿದ ಬಸುರಿಯ ಹಾಗೆ ಹೆಜ್ಜೆಯಿಡುವಷ್ಟರಲ್ಲಿ ಹಾವು ನನ್ನನ್ನು ಬಳಸಿಕೊಂಡು ಹೋಗಿ ಹಿಂದಿದ್ದ ಇಬ್ಬರನ್ನೂ ನುಂಗಿ ಬಂತು.

"ನಾನ್ ಹೇಳ್ಲಿಲ್ವಾ? ಮಿರರ್ ಶೀಲ್ಡ್ ತಗೊಮ್ಮ" ಎಂದಳು ಮಗಳು. ತಗೊಂಡೆ. ಹಾವು ಬೆಂಕಿ ಉಗುಳಿತು. ನಾನು ಕನ್ನಡಿಯನ್ನು ಕೊಂಚ ಓರೆಯಾಗಿ ಹಿಡಿದಿದ್ದೆನೋ ಏನೋ, ಆ ಬೆಂಕಿ ನೆಟ್ಟಗೆ ಹೋಗಿ ಯಜಮಾನರಿಗೆ ಬಡಿಯಿತು. ಕ್ಷಣದಲ್ಲಿ ಅವರು ಒಂದು ಹಿಡಿ ಬೂದಿ.

"ಬೇಕಂತಲೇ ಮಾಡ್ದೆ ನೀನು!"

"ಅಯ್ಯೋ, ಇಲ್ಲಾರೀ" ಎಂದೆ. (ಮೊದಲನೆಯ ಸಲ ಬೇಕೆಂದು ಮಾಡಿದ್ದಲ್ಲ. ಎರಡನೆಯ ಸಲದ ವಿಚಾರ ಇಲ್ಲಿ ಬೇಡ.)

ಅವರಿಬ್ಬರೂ ನಾನು ನೀನು ಎಂದು ಕಚ್ಚಾಡುತ್ತಿರುವಾಗ ನಾನು ಕೂತು ಯೋಚಿಸಿದೆ. ನಿಜವಾಗಿ ನಮ್ಮನ್ನು ಕೊಲ್ಲುತ್ತಿರುವುದು ಏನು? ಬೆಂಕಿ ಬರುವುದು ದೂರದಿಂದಲೇ ಕಾಣುತ್ತದೆ, ಪಕ್ಕಕ್ಕೆ ಸರಿದರಾಯಿತು. ಬಾಲದ ಏಟೂ ಅಷ್ಟೇ. ಆದರೆ ಆ ಹೆಡೆಗಳಿಂದ ಸದ್ದಿಲ್ಲದೆ ತೊಟ್ಟು ತೊಟ್ಟಾಗಿ ವಿಷ ಸುರಿಯುತ್ತಿರುತ್ತದೆ. ಒಂದೊಂದು ತೊಟ್ಟಿಗೆ ಏನೂ ಆಗುವುದಿಲ್ಲ. ಕೊನೆಗೆ ನೋಡಿದರೆ ಜೀವವೇ ಇರುವುದಿಲ್ಲ. ಕೂಡುಕುಟುಂಬದಲ್ಲಿ ಬಾಳಿದವಳಿಗೆ ಇದನ್ನು ಹೇಳಿಕೊಡಬೇಕೆ? ಮೂರೂ ಶೀಲ್ಡಿನ ಕೆಳಗಿದ್ದ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿದೆ. ವಿಷ ತಾಗುವುದಿಲ್ಲ ಎಂದು ಬರೆದಿದ್ದದ್ದು ಆಮೆ ಚಿಪ್ಪಿಗೆ ಮಾತ್ರ.

"ಥೂ, ಅದಾ? ಅದು ವೇಸ್ಟಮ್ಮ!"

"ಹಿಂದೆ ನಿಂತ್ಕೊ, ಮುಂದೆ ನಿಲ್ಲೋಳು ನಾನು" ಎಂದೆ.

ಆವತ್ತು ನಾನು ನಿಂತ ರೀತಿಯನ್ನು ನೀವು ನೋಡಬೇಕಿತ್ತು. ಸುತ್ತ ವಿಷದ ಜಡಿಮಳೆ, ಮಧ್ಯದಲ್ಲಿ ಚಿಪ್ಪು ಹೊತ್ತ ನಾನು. ಹಾವು ಪಕ್ಕಕ್ಕೆ ಹೋದರೆ ಚಿಪ್ಪು ಹಗುರವಾದ್ದರಿಂದ ನಾನೂ ಪಕ್ಕಕ್ಕೆ. ಹಿಂದಿನಿಂದ ಅಪ್ಪ ಮಗಳು ಬಾಣ ಬಿಟ್ಟರು, ಸಿಡಿಲು ಬಿಟ್ಟರು. ಏಳನೆಯ ಹೆಡೆ ನೆಲಕ್ಕೆ ಬಿದ್ದಾಗ ಸೋಫಾದಿಂದ ಹಾರಿ ಕೂಗಿದೆ: "ಗೆದ್ದೆ! ಶೀಲ್ಡು ಅಂದ್ರೆ ಇದು! ನನ್ನ ಶೀಲ್ಡು!"

ಕೂಗು ಹಜಾರ ದಾಟಿ ಜಗಲಿಗೆ ಹೋಯಿತು. ಅಲ್ಲಿ ಅತ್ತೆಯೂ ಅಕ್ಕಯಮ್ಮನೂ ಅವರೆಕಾಯಿ ಸುಲಿಯುತ್ತಿದ್ದರು. ಅಕ್ಕಯಮ್ಮ ನಮ್ಮ ಬೀದಿಯ ಮಹಿಳಾ ಸಂಘದ ಅಧ್ಯಕ್ಷೆ.

"ಏಮಮ್ಮಾ, ಶೀಲ್ಡ್ ಗೆದ್ಯಾ?" ಅತ್ತೆ ಒಳಗೆ ಬಂದೇಬಿಟ್ಟರು.

"ಹೌದು ಅತ್ತೆ, ಶೀಲ್ಡಿಂದಾನೇ..."

"ಕೇಳಿದ್ಯಾ ಅಕ್ಕಯಮ್ಮಾ? ನಮ್ಮ ಕವಿತ ಶೀಲ್ಡ್ ಗೆದ್ದವ್ಳೆ!"

ನಮ್ಮ ಕವಿತ! ಕಿವಿ ತಣ್ಣಗಾಯಿತು. ಅಕ್ಕಯಮ್ಮ ಮಾತ್ರ ಅಷ್ಟಕ್ಕೆ ಬಿಡುವ ಹೆಂಗಸಲ್ಲ.

"ಅದ್ಯಾವ ಆಟನಮ್ಮ?"

"ಟೀಮ್ ಆಟ, ಅಕ್ಕಯಮ್ಮೋರೇ. ನಾನು ಮುಂದೆ ನಿಂತು ನುಗ್ಗಿ ಬರೋದನ್ನ ತಡೀತೀನಿ."

"ಔಟಾದೋರು?"

"ಆಚೆ ಹೋಗ್ತಾರೆ. ಆಮೇಲೆ ಮತ್ತೆ ಜೀವ ಬರುತ್ತೆ, ಒಳಗೆ ಬರ್ತಾರೆ."

"ಅಂಗಂದ್ರೆ ಕಬಡ್ಡಿ ಕಣಮ್ಮ!" ಎಂದು ಅಕ್ಕಯಮ್ಮ ತೀರ್ಪು ಕೊಟ್ಟರು.

ಅಲ್ಲ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಅಡುಗೆಮನೆಗೆ ಹೋಗಿ, ತಾವೇ ಕಾಫಿ ಬೆರೆಸಿ, ತಾವೇ ತಂದು ನನ್ನ ಕೈಗಿತ್ತರು. ತೆರೆದ ಬಾಯಿಗೆ ಕಾಫಿ ಹುಯ್ದುಕೊಂಡೆ. ನೀವಾಗಿದ್ದರೂ ಅದನ್ನೇ ಮಾಡುತ್ತಿದ್ದಿರಿ.

"ಶೀಲ್ಡ್ ಎಲ್ಲಮ್ಮ?" ಎಂದು ಅತ್ತೆ ಕೇಳಿದಾಗ, "ಟೀಮಿಂದಲ್ವಾ ಅತ್ತೆ, ಅಲ್ಲೇ ಇದೆ" ಎಂದೆ. (ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.)

ಸಂಜೆಯೊಳಗೆ ಸುದ್ದಿ ದಿಬ್ಬೂರಹಳ್ಳಿಯ ನಾದಿನಿಗೂ ಸಾದಲಿಯ ಚಿಕ್ಕತ್ತೆಗೂ ಮುಟ್ಟಿತು. "ಅಮ್ಮಂಗೆ ನಿಜ ಹೇಳಿಬಿಡು" ಎಂದರು ಯಜಮಾನರು. "ನಿಮ್ಮಮ್ಮ ಅಲ್ವಾ, ನೀವೇ ಹೇಳಿ" ಎಂದೆ. ಇಬ್ಬರೂ ಹೇಳಲಿಲ್ಲ. ಹೇಗೆ ಹೇಳುವುದು? ಸಾರಿಗೆ ಉಪ್ಪು ಹಾಕುವುದನ್ನೇ ಮರೆತ ದಿನವೂ ಅತ್ತೆ, "ಬಿಡು, ಆಟ ಆಡೋರಿಗೆ ಉಪ್ಪು ಕಮ್ಮಿ ಇರ್ಬೇಕು" ಎಂದು ಮಗನ ಬಾಯಿ ಮುಚ್ಚಿಸಿದರು. ನಾನು ಬೀದಿಯಲ್ಲಿ ನಡೆಯುವ ಗತ್ತೇ ಬದಲಾಯಿತು. ತರಕಾರಿ ಗಾಡಿಯವನು "ಏನಕ್ಕ, ಕ್ಯಾಪ್ಟನ್ ಆದ್ರಂತೆ?" ಎಂದಾಗಲೂ ಸುಮ್ಮನೆ ನಕ್ಕೆ. ಕ್ಯಾಪ್ಟನ್ ಎಂದು ಅವನು ಯಾಕೆ ಅಂದ ಎಂಬುದು ಹೊಳೆಯಲಿಲ್ಲ.

ಹೊಳೆದದ್ದು ಅಕ್ಕಯಮ್ಮ ಕರಪತ್ರ ತಂದುಕೊಟ್ಟಾಗ. ಸಂಘದ ವಾರ್ಷಿಕೋತ್ಸವಕ್ಕೆ ಮಹಿಳೆಯರ ಕಬಡ್ಡಿ, ಶಿಡ್ಲಘಟ್ಟದವರಿಗೂ ಚಿಂತಾಮಣಿಯವರಿಗೂ. ನಮ್ಮ ತಂಡದ ನಾಯಕಿ, 'ಶೀಲ್ಡ್ ವಿಜೇತೆ ಶ್ರೀಮತಿ ಕವಿತ'.

ಆಗಲಾದರೂ ಹೇಳಬಹುದಿತ್ತು. ಆದರೆ ಹೆಮ್ಮೆ ಎನ್ನುವುದು ಮೆತ್ತಗೆ ಕೈ ಹಿಡಿದು ಬಾವಿಯವರೆಗೂ ಕರೆದುಕೊಂಡು ಹೋಗುತ್ತದೆ. ಏಳು ಹೆಡೆಯನ್ನೇ ತಡೆದವಳು, ಚಿಂತಾಮಣಿಯ ಏಳು ಜನ ಯಾವ ಲೆಕ್ಕ ಎಂದುಕೊಂಡೆ. ಮಗಳ ಟ್ರ್ಯಾಕ್ ಪ್ಯಾಂಟು ಇಸಿದುಕೊಂಡು ಕನ್ನಡಿಯ ಮುಂದೆ ನಿಂತೆ. "ಅಮ್ಮ, ಪ್ಲೀಸ್, ಇಲ್ಲಿ ಆಮೆ ಚಿಪ್ಪು ಇರಲ್ಲ" ಎಂದು ಚೈತನ್ಯ ಗೋಗರೆದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೈದಾನದ ತುಂಬ ಜನ. ಮುಂದಿನ ಸಾಲಿನ ಕುರ್ಚಿಯಲ್ಲಿ ರೇಷ್ಮೆ ಸೀರೆಯುಟ್ಟ ಅತ್ತೆ. ಚಿಂತಾಮಣಿಯ ಕಡೆಯಿಂದ ಮೊದಲು ನುಗ್ಗಿದವಳು ರೂಪ ಎಂಬ ಹೆಂಗಸು. ಹೆಸರಿಗೆ ರೂಪ, ಆಕಾರಕ್ಕೆ ಮರಳಿನ ಲಾರಿ. 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಆಕೆ ಗೆರೆ ದಾಟಿದ್ದೇ ತಡ, ನನ್ನ ಹಿಂದಿದ್ದ ಪಡೆ ಚೆಲ್ಲಾಪಿಲ್ಲಿ. ಮೇಲೆ ಬಿದ್ದರೆ ಗತಿಯೇನೆಂದು ಅಂಕಣದ ಮೂಲೆ ಮೂಲೆಗೆ ಓಡಿಬಿಟ್ಟರು. ನಾನು ಗವಿಯಲ್ಲಿ ಹೇಗೆ ನಿಂತಿದ್ದೆನೋ ಹಾಗೇ ಕಾಲು ಅಗಲಿಸಿ, ಮೈ ಬಗ್ಗಿಸಿ, ಕಣ್ಣು ಮುಚ್ಚಿ ನಿಂತೆ. (ಕಣ್ಣು ಮುಚ್ಚಬಾರದಂತೆ. ಆಮೇಲೆ ಹೇಳಿದರು.)

ನಾನು ಆಕೆಯನ್ನು ಹಿಡಿದೆ ಎಂದರೆ ಅದು ಉತ್ಪ್ರೇಕ್ಷೆ. ಆಕೆ ಬಂದು ಅಪ್ಪಳಿಸಿದಳು, ನಾನು ಕೆಳಗೆ ಬಿದ್ದೆ, ಆಕೆ ನನ್ನ ಮೇಲೆ ಬಿದ್ದಳು, ಮತ್ತೆ ಏಳಲು ಆಕೆಗೂ ಆಗಲಿಲ್ಲ. ಉಸಿರು ಮುಗಿದು ಔಟಾದಳು. ನಮಗೆ ಒಂದು ಅಂಕ! ಆ ಮಧ್ಯಾಹ್ನವಿಡೀ ಶಿಡ್ಲಘಟ್ಟಕ್ಕೆ ಸಿಕ್ಕ ಏಕೈಕ ಅಂಕ. ಎದುರಿನವರ ಅಂಕ ಹೇಳುವುದು ನಮ್ಮ ಊರಿನ ಮರ್ಯಾದೆಗೆ ಒಳ್ಳೆಯದಲ್ಲ.

ಮನೆಗೆ ಬಂದು ಮಂಚಕ್ಕೆ ಒರಗಿದೆ. ಅತ್ತೆ ಬಿಸಿ ಎಣ್ಣೆ ತಂದು ನನ್ನ ಪಕ್ಕೆಗೆ ನೀವತೊಡಗಿದರು. ಆ ಕೈ ಮೈ ಮೇಲೆ ಓಡಾಡುತ್ತಿದ್ದಂತೆ ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಾನು ಕಬಡ್ಡಿ ಆಡಿದ್ದು ಇವತ್ತೇ ಮೊದಲು."

"ನೋಡಿದ್ರೆ ಗೊತ್ತಾಗಲ್ವಾ?"

"ಆ ಶೀಲ್ಡು ಗೆದ್ದಿದ್ದಲ್ಲ ಅತ್ತೆ, ಹಿಡ್ಕೊಳ್ಳೋ ಶೀಲ್ಡು. ಗುರಾಣಿ. ಫೋನಲ್ಲಿ ಹಾವಿನ ಜೊತೆ ಯುದ್ಧ ಮಾಡೋ ಆಟ."

ಕೈ ನಿಂತಿತು. ಕಾಫಿ ಹೋಯಿತು, 'ತಿನ್ಬೋದು' ಕೂಡ ಹೋಯಿತು ಎಂದುಕೊಂಡೆ.

"ಫೋನಲ್ಲಿ ಏಟು ಬಿದ್ರೆ ನೋವಾಗುತ್ತಾ?"

"ಇಲ್ಲ."

"ಮತ್ತೆ? ಇವತ್ತಿನದೇ ದೊಡ್ಡದು ಬಿಡು." ಕೈ ಮತ್ತೆ ಓಡತೊಡಗಿತು. "ಆ ದಪ್ಪ ಲಾವು ಹೆಂಗಸು ಬರ್ತಿದ್ರೆ ಎಲ್ಲಾ ಬಾಲ ಮುದುರ್ಕೊಂಡು ಓಡಿದ್ರು. ನೀನೊಬ್ಳೇ ಅಲ್ಲಾಡ್ದಂಗೆ ನಿಂತೆ. ನನಗೆ ಕಣ್ಣಲ್ಲಿ ನೀರು ಬಂದ್ಬಿಡ್ತು ಕಣಮ್ಮ. ಅದಕ್ಕೇ ಗೌರಿಬಿದನೂರಿನೋರು ಬಂದು, ಮುಂದಿನ ತಿಂಗಳು ನಮ್ಮೂರಿಗೂ ಕಳಿಸ್ತೀರಾ ಅಂತ ಕೇಳ್ದಾಗ, ಓಹೋ, ಯಾಕೆ ಬರಲ್ಲ, ಬಂದೇ ಬರ್ತಾಳೆ ಅಂತ ಮಾತು ಕೊಟ್ಬಿಟ್ಟಿದೀನಿ."

ಬಾಗಿಲಲ್ಲಿ ನಿಂತಿದ್ದ ಯಜಮಾನರು ನಗು ತಡೆಯಲಾರದೆ ಹಿತ್ತಲಿಗೆ ಓಡಿದರು. ನಾನು ಮಾತ್ರ ನಗಲಿಲ್ಲ. ಅತ್ತೆಯ ಕಣ್ಣಲ್ಲಿ ನೀರು, ಅದೂ ನನ್ನಿಂದಾಗಿ, ಅದೂ ಸಂತೋಷಕ್ಕೆ! ಹೆಮ್ಮೆಯಿಂದ ಎದೆ ಉಬ್ಬಿತು. ಉಬ್ಬಿದ್ದೇ ತಪ್ಪಾಯಿತು. ಎಡಗಡೆಯ ಪಕ್ಕೆಲುಬು 'ಕಟಕ್' ಎಂದಿತು.