ಗಿಟಾರಿಗೊಂದು ಕಾಲು

ಗುಮಾಸ್ತನ ಗಿಟಾರಿಗೆ ದನಿ ಹೆಚ್ಚಿಸುವ ಒಂದು ಪೆಟ್ಟಿಗೆ, ಆ ಪೆಟ್ಟಿಗೆಗೆ ಉದ್ದ ವೈರಿನ ತುದಿಯಲ್ಲೊಂದು ಸ್ವಿಚ್ಚು. ಕಾಲಲ್ಲಿ ಒಮ್ಮೆ ಒತ್ತಿದರೆ ಗಿಟಾರಿನ ದನಿ ಬಾವಿಯೊಳಗಿಂದ ಬಂದಂತೆ ಮಾರ್ದನಿಸಬೇಕು, ಮತ್ತೆ ಒತ್ತಿದರೆ ಮೊದಲಿನಂತಾಗಬೇಕು. ಅಷ್ಟೇ. ಆದರೆ ಕಾಲು ಎದ್ದರೆ ಅವನ ಕೈ ನಿಲ್ಲುತ್ತಿತ್ತು, ಕೈ ಆಡಿದರೆ ಕಾಲು ಏಳುತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ.

ಅಂದು ಸಂಜೆ ವಾದ್ಯಗೋಷ್ಠಿಯ ಯಜಮಾನರು ಅವನ ಕೈಚಳಕ ಪರೀಕ್ಷಿಸುವವರಿದ್ದರು. ಆ ಗೋಷ್ಠಿ ಸೇರುವುದು ಅವನು ಮದುವೆಗೆ ಮುಂಚಿನಿಂದ ಕಂಡ ಕನಸು. ಕಚೇರಿಗೆ ರಜೆ ಹಾಕಿ ಬೆಳಗಿನಿಂದ ಒತ್ತುತ್ತಲೇ ಇದ್ದ.

ಸದ್ದು ಕೇಳಿ ಪಕ್ಕದ ಮನೆಯ ಬಸ್ ಡ್ರೈವರ್ ಬಂದು ಬಗ್ಗಿ ನೋಡಿದ.

"ಇದು ಕ್ಲಚ್ಚೇ ಕಣ್ರೀ. ಯೋಚ್ನೆ ಮಾಡ್ಬಾರ್ದು, ಕಾಲಿಗೇ ಬಿಟ್ಬಿಡ್ಬೇಕು. ಸರೀರಿ, ತೋರಿಸ್ತೀನಿ."

ಅವನು ತುಳಿದ ರಭಸಕ್ಕೆ ಸ್ವಿಚ್ಚು ಜಾರಿ ಮಂಚದಡಿ ಸೇರಿತು. ಅದನ್ನು ಎಳೆಯುವಷ್ಟರಲ್ಲಿ ಮಹಡಿಯ ಮೇಲಿನ ಡ್ರಿಲ್ ಮೇಷ್ಟ್ರು ಇಳಿದು ಬಂದರು.

"ಶಿಸ್ತಿಲ್ಲ ನಿಮ್ಮ ಕಾಲಿಗೆ. ನಾನು ಹೇಳ್ದಂಗೆ ಎತ್ತಿ. ಎಡ, ಬಲ, ಎಡ…"

ಗುಮಾಸ್ತ ಗಿಟಾರು ಹಿಡಿದೇ ಕೋಣೆಯ ತುಂಬ ಕವಾಯತು ಮಾಡಿದ. ವೈರು ಕಾಲಿಗೆ ಸುತ್ತಿ, ಕೊನೆಗೆ ಹಾಸಿಗೆಯ ಮೇಲೆ ಬೋರಲು ಬಿದ್ದ. ಸಲಹೆಗಾರರಿಬ್ಬರೂ ತಪ್ಪು ಯಾರದೆಂದು ಜಗಳವಾಡುತ್ತ ಹೊರಟುಹೋದರು.

ಮೂಲೆಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ ಆಗ ಕೇಳಿದರು: "ಅಳಿಯಂದಿರೇ, ನಾನೊಂದ್ಸಲ ಒತ್ತಿ ನೋಡ್ಲಾ? ಏನಾಗತ್ತೋ ಅಂತ ಬೆಳಗ್ಗೆಯಿಂದ ಕುತೂಹಲ."

ಗುಮಾಸ್ತ ನುಡಿಸಿದ. ಅತ್ತೆ ಬಟಾಣಿಯಿಂದ ಕಣ್ಣೆತ್ತದೆ, ಕೂದಲೆಳೆಯಷ್ಟೂ ತಪ್ಪದೆ ಒತ್ತಿದರು. ಗಿಟಾರು ಬಾವಿಗಿಳಿದು ಮೇಲೆದ್ದು ಬಂತು.

"ಹೇಗೆ ಗೊತ್ತಾಯ್ತು ಅತ್ತೆ?"

"ಅದನ್ನೇ ಎಷ್ಟು ಸಲ ಬಾರಿಸಿದೀರಿ. ನನಗಿರ್ಲಿ, ಗೋಡೆಗೂ ಬಾಯಿಪಾಠ ಆಗಿದೆ."

ಸಂಜೆ ಯಜಮಾನರು ಬರುವ ಮೊದಲೇ ಇಬ್ಬರೂ ಅವರ ಕೋಣೆಗೆ ಹೋದರು. ವೈರನ್ನು ಪರದೆಯ ಹಿಂದಕ್ಕೆ ಸಾಗಿಸಿ ಅಲ್ಲಿ ಅತ್ತೆಯನ್ನು ಕೂರಿಸಿದ್ದಾಯಿತು. ಗುಮಾಸ್ತ ಬರಿ ನೆಲವನ್ನು ತುಳಿಯುತ್ತ ನುಡಿಸಿದ. ಅಂಥ ನುಡಿಸಾಣಿಕೆ ಅವನ ಬಾಳಿನಲ್ಲೇ ಆಗಿರಲಿಲ್ಲ. ಯಜಮಾನರು ಕಣ್ಮುಚ್ಚಿ ತಲೆದೂಗಿದರು. ಕಣ್ತೆರೆದಾಗ ಬರಿ ನೆಲ ಕಂಡಿತು. ಎದ್ದು, ವೈರಿನ ಜಾಡು ಹಿಡಿದು ಹೋಗಿ ಪರದೆ ಸರಿಸಿದರು. ಚಪ್ಪಲಿ ಬಿಟ್ಟು, ಸ್ವಿಚ್ಚಿನ ಮೇಲೆ ಕಾಲಿಟ್ಟು ಅತ್ತೆ ಕೂತಿದ್ದರು. ಗುಮಾಸ್ತನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಮ್ಮಳಿಯಂದಿರಿಗೆ ಕೈ ಆಡಿದ್ರೆ ಕಾಲು ಏಳಲ್ಲ," ಎಂದರು ಅತ್ತೆ.

ಯಜಮಾನರು ಕೋಪಿಸಿಕೊಳ್ಳಲಿಲ್ಲ. "ನಮ್ಮ ಹಳೇ ಗಿಟಾರಿನವನದು ಬಂಗಾರದಂಥ ಕೈ. ಕಾಲು ಮಾತ್ರ ನಿಮ್ಮಳಿಯನ ಹಾಗೇ, ಕೊರಡು. ಅದಕ್ಕೇ ಬೇರೆಯವರನ್ನ ಹುಡುಕ್ತಿದ್ದೆ. ಈಗ ಆ ಹಳಬನೇ ಇರ್ಲಿ. ಅಮ್ಮಾ, ಭಾನುವಾರದಿಂದ ಅವನಿಗೆ ಸ್ವಿಚ್ಚು ಒತ್ತೋಕೆ ನೀವು ಬರ್ತೀರಾ?"

ಅತ್ತೆ ಅಳಿಯನ ಮುಖ ನೋಡಿದರು, ಸ್ವಿಚ್ಚು ನೋಡಿದರು.

"ಬರ್ತೀನಿ. ಆದ್ರೆ ಈ ಪೆಟ್ಟಿಗೆ ಹೊರೋಕೆ ನನ್ನ ಕೈಲಾಗಲ್ಲ."

ಭಾನುವಾರ ಗುಮಾಸ್ತ ಸಭಾಂಗಣಕ್ಕೆ ಪೆಟ್ಟಿಗೆ ಹೊತ್ತು ತಂದು, ಅತ್ತೆಗೆ ಕುರ್ಚಿ ಹಾಕಿ, ಮಂಡಿಯೂರಿ ಅವರ ಕಾಲ ಬಳಿ ಸ್ವಿಚ್ಚನ್ನಿಟ್ಟ.

"ಇನ್ನೊಂಚೂರು ಈಚೆಗೆ," ಎಂದರು ಅತ್ತೆ.