ಒಬ್ಬರೇ ಹೋಗಿ ಬನ್ನಿ

ಎಲ್ಲ ಎಡವಟ್ಟಿಗೂ ಮೂಲ, ಗೇಟಿಗೆ ಬಳಿದು ಉಳಿದಿದ್ದ ಅರ್ಧ ಲೀಟರ್ ಕೆಂಪು ಬಣ್ಣ.

ನರಸಿಂಹರಾಜಪುರದ ದತ್ತಮೂರ್ತಿಗಳು ಸರ್ವೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಊರವರ ಜಮೀನು ಅಳೆದು ರಿಟೈರ್ ಆದವರು. ಎರಡು ವರ್ಷ ಜಗಲಿಯಲ್ಲಿ ಕೂತು ಸಾಕಾಗಿ, ಅರವತ್ತು ತುಂಬಿದ ತಿಂಗಳು ಒಂದು ಹಾಯಿದೋಣಿ ತಂದರು. ಮಂಗಳೂರಿನ ಕಡೆಯ ಯಾವುದೋ ಕ್ಲಬ್ಬು ಬೇಡವೆಂದು ಮೂಲೆಗೆ ತಳ್ಳಿದ್ದ, ಹನ್ನೊಂದು ಅಡಿಯ ಫೈಬರ್ ದೋಣಿ. ಅವರು ಅದನ್ನು 'ಯಾಟ್' ಎಂದರು. ಊರವರು ಸುತ್ತ ಒಂದು ಪ್ರದಕ್ಷಿಣೆ ಬಂದು, ದನಕ್ಕೆ ಅಕ್ಕಚ್ಚು ಇಡುವ ಬಾನಿ ಎಂದರು.

ಲಾರಿ ಘಾಟಿ ಹತ್ತುವಾಗ ದೋಣಿಯ ಹಾಯಿಕಂಬ ಮುರಿದಿತ್ತು. ದತ್ತಮೂರ್ತಿಗಳು ಗಟ್ಟಿ ಬಿದಿರಿನ ಗಳ ಕಡಿಸಿ ನಿಲ್ಲಿಸಿದರು. ಬೋಳು ಬಿದಿರು ಕಣ್ಣಿಗೆ ಹಿತವಾಗಲಿಲ್ಲ. ಉಳಿದ ಕೆಂಪು ಬಣ್ಣದ ಜೊತೆ ಒಂದಿಷ್ಟು ಬಿಳಿಯನ್ನೂ ತಂದು ಒಂದಡಿ ಕೆಂಪು, ಒಂದಡಿ ಬಿಳಿ, ಮತ್ತೆ ಒಂದಡಿ ಕೆಂಪು ಎಂದು ಬಳಿದರು. ಮೂವತ್ತನಾಲ್ಕು ವರ್ಷ ಕೆಂಪು-ಬಿಳಿ ಪಟ್ಟೆಯ ಸರ್ವೆ ಕೋಲು ಹಿಡಿದ ಕೈ ಬೇರೆ ಇನ್ನೇನು ತಾನೆ ಬಳಿದೀತು? ಹಾಯಿಯನ್ನು ಟೈಲರ್ ನಾರಾಯಣ ಹೊಲಿದುಕೊಟ್ಟ, ಒಂದು ಜೇಬು ಸಮೇತ.

"ಹಾಯಿಗೆ ಜೇಬು ಎಂತಕ್ಕೋ ಮಾರಾಯ?"

"ಇರ್ಲಿ ಸಾರ್. ಕನ್ನಡಕ ಇಟ್ಕೊಳ್ಳಕ್ಕೆ ಆಗ್ತದೆ."

ದತ್ತಮೂರ್ತಿಗಳ ಆಸೆ ದೊಡ್ಡದೇನಲ್ಲ. ಭದ್ರಾ ಹಿನ್ನೀರಿನ ಮೇಲೆ ಆಚೆ ದಡದವರೆಗೆ ಒಬ್ಬರೇ ಹೋಗಿ ಬರಬೇಕು. ಕೆಲಸದಲ್ಲಿದ್ದಷ್ಟು ಕಾಲವೂ ಅವರು ಎಲ್ಲಿಗೂ ಒಬ್ಬರೇ ಹೋದವರಲ್ಲ. ಮುಂದೆ ಅಳತೆಯ ಚೈನು ಹಿಡಿಯುವವನು, ಹಿಂದೆ ಜಗಳದ ಎರಡೂ ಪಾರ್ಟಿ, ಅವರ ಹಿಂದೆ ಅವರ ಭಾವಂದಿರು. ಮನೆಯಲ್ಲಂತೂ ಬಚ್ಚಲಿಗೆ ಹೋಗಿ ಚಿಲಕ ಹಾಕಿದರೆ, ಎರಡನೇ ಚೆಂಬು ನೀರು ಮೈಮೇಲೆ ಬೀಳುವುದರೊಳಗೆ ಹೊರಗಿನಿಂದ "ಆಯ್ತಾ?" ಎಂದು ಯಾರಾದರೂ ಕೇಳುತ್ತಿದ್ದರು. ಈ ಭೂಮಿಯ ಮೇಲೆ ಒಬ್ಬ ಗೃಹಸ್ಥನಿಗೆ ಅರ್ಧ ಗಂಟೆ ಒಂಟಿತನ ಸಿಗದಿದ್ದರೆ ನೀರಿನ ಮೇಲಾದರೂ ಸಿಗಲಿ ಎಂಬುದು ಅವರ ಲೆಕ್ಕಾಚಾರ.

ಒಂದು ತಿಂಗಳು ದೋಣಿಯನ್ನು ದಡದ ನೇರಳೆ ಮರಕ್ಕೆ ಉದ್ದ ಹಗ್ಗದಿಂದ ಕಟ್ಟಿಕೊಂಡು, ಗೂಟದ ಕರುವಿನ ಹಾಗೆ ಸುತ್ತು ಹೊಡೆದು ಅಭ್ಯಾಸ ಮಾಡಿದರು. ಕೊನೆಗೆ ಹೆಂಡತಿ ಗಂಗಾಲಕ್ಷ್ಮಿ ಸೊಂಟಕ್ಕೆ ಸೆರಗು ಸಿಕ್ಕಿಸಿ ತೀರ್ಪು ಕೊಟ್ಟರು.

"ನೋಡಿ, ಬರೋ ಭಾನುವಾರ ಆಚೆ ದಡ ಮುಟ್ಟಿ, ಒಂದು ಗಂಟೆ ಊಟಕ್ಕೆ ವಾಪಸ್ ಬರ್ಬೇಕು. ಒಬ್ರೇ ಹೋಗಿ, ಒಬ್ರೇ ಬನ್ನಿ. ಆಗ್ಲಿಲ್ವಾ, ಸೋಮವಾರದಿಂದ ಅದ್ರಲ್ಲಿ ದನಕ್ಕೆ ಅಕ್ಕಚ್ಚು."

ಎರಡು ಸಾವಿರದ ಆರನೇ ಇಸವಿಯ ಫೆಬ್ರವರಿಯ ಆ ಭಾನುವಾರ ಬೆಳಿಗ್ಗೆ ಅರ್ಧ ಊರು ದಡದಲ್ಲಿತ್ತು. ಕ್ಷೌರದಂಗಡಿಗೆ ಹೊರಟರೂ ಜೊತೆಗೊಬ್ಬ ಬರುವ ಊರು ಅದು. ಯಾರಾದರೂ ಹತ್ತಿ ಕೂತುಬಿಟ್ಟರೆ ಏನು ಗತಿ ಎಂದು ದತ್ತಮೂರ್ತಿಗಳು ಹೆದರಿದ್ದರು. ಆಶ್ಚರ್ಯವೆಂದರೆ ಯಾರೂ ಹತ್ತಲಿಲ್ಲ.

"ಒಬ್ರೇ ಹೋಗಿ ಬನ್ನಿ ಸಾರ್. ಅದ್ರ ಗತ್ತೇ ಬೇರೆ," ಎಂದ ಹಿಟ್ಟಿನ ಗಿರಣಿಯ ಸುಬ್ಬಪ್ಪ, ಎರಡು ಹೆಜ್ಜೆ ಹಿಂದೆ ಸರಿದು ನಿಂತು.

ಪಕ್ಕದ ಮನೆಯ ಸುಬ್ಬಮ್ಮ ತೆಂಗಿನಕಾಯಿ ಒಡೆದರು. ಗಂಗಾಲಕ್ಷ್ಮಿ ಗಂಡನ ಹತ್ತಿರ ಬಂದು ಮೆಲ್ಲಗೆ, "ಉಂಗುರ ಬಿಚ್ಚಿ ಕೊಟ್ಟು ಹೋಗಿ, ವಾಚೂ," ಎಂದರು. ಅಳತೆ ತಪ್ಪದ ಕಾಳಜಿ! ಹೊರಟ ವೀರನಿಗೆ ಕಣ್ಣು ತುಂಬಿ ಬಂತು.

ಗಾಳಿ ಅಡ್ಡಕ್ಕೆ ಬೀಸುತ್ತಿತ್ತು. ಹೋಗಲಿಕ್ಕೂ ಬರಲಿಕ್ಕೂ ಅಂಥ ಗಾಳಿಯೇ ಒಳ್ಳೆಯದೆಂದು ಪುಸ್ತಕದಲ್ಲಿತ್ತು. ಹಾಯಿ ಉಬ್ಬಿತು, ಜೇಬೂ ಉಬ್ಬಿತು. ನಡುನೀರಿಗೆ ಬಂದಾಗ ಯಾರೂ ಏನೂ ಕೇಳುತ್ತಿರಲಿಲ್ಲ. ದತ್ತಮೂರ್ತಿಗಳು ಜೀವಮಾನದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಹಾಡಿದರು. ಒಂದು ನೀರುಕಾಗೆ ಮುಳುಗಿದ್ದು ಬಹಳ ಹೊತ್ತು ಮೇಲೆ ಬರಲಿಲ್ಲ.

ಆಚೆ ದಡದಲ್ಲಿ ಬೇರೆಯೇ ಕತೆ. ನೀರು ಇಳಿದಾಗ ಮೇಲೇಳುವ ಜಾಗದಲ್ಲಿ ಅಲ್ಲಿನವರು ಪ್ರತಿವರ್ಷ ಅವರೆಕಾಳು, ಸೌತೆ ಹಾಕುತ್ತಾರೆ. ಸರ್ಕಾರದ ಜಾಗ, ಕಾಗದವಿಲ್ಲ, ಗಡಿಯಿಲ್ಲ, ಜಗಳಕ್ಕೆ ಮಾತ್ರ ಬರವಿಲ್ಲ. ಸೌತೆಗೆ ನೀರು ಹಾಕುತ್ತಿದ್ದ ಸೀತಕ್ಕನ ಕಣ್ಣಿಗೆ ನೀರಿನ ಮೇಲೆ ನೆಟ್ಟಗೆ ಬರುತ್ತಿರುವ ಕೆಂಪು-ಬಿಳಿ ಕೋಲು ಕಂಡಿತು. ಕೊಡ ಕೆಳಗಿಟ್ಟವಳೇ ಕೂಗಿದಳು:

"ಸರ್ವೆ ಬಂತು! ಸರ್ವೆ ಬಂತ್ರೋ!"

ದೋಣಿ ಕೆಸರಿಗೆ ತಾಗುವಷ್ಟರಲ್ಲಿ ನಲವತ್ತು ಜನ. ದತ್ತಮೂರ್ತಿಗಳು ದಡ ಮುಟ್ಟಿ ಹಿಂದಿರುಗಬೇಕೆಂದು ಒಂದು ಕಾಲು ಕೆಳಗಿಟ್ಟರು, ಅಷ್ಟೆ. ಕೈಗೆ ಎಳನೀರು ಬಂತು.

"ನಮ್ಮ ಬೇಲಿ ಅಳೀರಿ ಸ್ವಾಮಿ," ಎಂದಳು ಸೀತಕ್ಕ. "ಈ ಲೋಕೇಶ ವರ್ಷಕ್ಕೆ ಎರಡು ಮೊಳ ಒಳಗೆ ಬತ್ತಿದಾನೆ. ಇನ್ನೆರಡು ವರ್ಷಕ್ಕೆ ನಮ್ಮ ಅಡುಗೆಮನೆಗೇ ಬತ್ತಾನೆ."

"ನಾನು ರಿಟೈರ್ಡ್ ಅಮ್ಮ. ಸುಮ್ನೆ ಬಂದೆ."

"ಸುಮ್ನೆ ಯಾರಾದ್ರೂ ಇಲ್ಲಿಗೆ ಬರ್ತಾರಾ?" ಪಕ್ಕದ ಬೇಲಿಯ ಲೋಕೇಶ ಮುಂದೆ ಬಂದ. "ನೀವು ಸರ್ವೆ ದತ್ತಮೂರ್ತಿ ಅಲ್ವಾ? ನಮ್ಮಪ್ಪನ ಗದ್ದೆ ಅಳೆದೋರು ನೀವೇ."

"ಹೌದು, ಆದ್ರೆ ಈಗ..."

"ಯಾವತ್ತೂ ಆರು ಜನ ಬರೋ ಸರ್ವೆ ಇವತ್ತು ಒಬ್ರೇ ಬಂದಿದೆ ಅಂದ್ರೆ ಇದು ಗುಟ್ಟಿನ ಸರ್ವೆ!" ಎಂದು ಲೋಕೇಶ ಜನಕ್ಕೆ ವಿವರಿಸಿದ. ಜನ ಹೌದೌದೆಂದು ತಲೆಯಾಡಿಸಿತು. ಲೋಕೇಶ ದೋಣಿಯನ್ನು ಹತ್ತು ಮಾರು ಮೇಲಕ್ಕೆಳೆದು ಅದರೊಳಗೇ ಚಕ್ಕಳಮಕ್ಕಳ ಹಾಕಿ ಕೂತ. "ಏನು ಬರ್ಕೊಂಡಿದೀರಿ ಹೇಳ್ದೆ ಬಿಡಲ್ಲ."

ಯಾರದೋ ವಾಚಿನಲ್ಲಿ ಹನ್ನೆರಡು ಕಾಲು. ದತ್ತಮೂರ್ತಿಗಳ ಕಣ್ಣೆದುರು ಅವರ ಯಾಟ್ ತುಂಬ ಅಕ್ಕಚ್ಚು, ಅದಕ್ಕೆ ಮೂತಿಯಿಟ್ಟ ಎಮ್ಮೆ. ಬೇಡಿಕೊಂಡರು, ನಕ್ಕರು, ಆಣೆ ಹಾಕಿದರು. ಬೇಡಿದಷ್ಟೂ ಜನರಿಗೆ ಇವರು ದೊಡ್ಡ ಆಫೀಸರೇ ಇರಬೇಕೆನ್ನಿಸಿತು. ಒಬ್ಬ ಜೇಬಿನೊಳಗೆ ಕೈಹಾಕಿ ನಕ್ಷೆ ಹುಡುಕಿದ, ಹಾಯಿಯ ಜೇಬಿನೊಳಗೆ.

ಕೊನೆಗೆ ಮೂವತ್ತನಾಲ್ಕು ವರ್ಷದ ಸರ್ವಿಸು ಕೈಹಿಡಿಯಿತು. ಗಂಟಲು ಸರಿಮಾಡಿಕೊಂಡು, ಹಳೆಯ ಆಫೀಸಿನ ದನಿಯಲ್ಲಿ ಹೇಳಿದರು:

"ಆಯ್ತು. ಅಳೀತೀನಿ. ಇಲ್ಲಿ ನಿಂತಿರೋರೆಲ್ಲ ಸಾಕ್ಷಿ. ಒಬ್ಬೊಬ್ರೇ ಬಂದು ಹೆಸರು, ತಂದೆ ಹೆಸರು ಹೇಳಿ ಸಹಿ ಹಾಕಿ. ಕೇಸ್ ನಡೆದಾಗ ಕರೆದಾಗೆಲ್ಲ ಚಿಕ್ಕಮಗಳೂರಿಗೆ ಬರ್ಬೇಕಾಗ್ತದೆ."

ಒಬ್ಬನಿಗೆ ದನ ಬಿಟ್ಟು ಬಂದದ್ದು ನೆನಪಾಯಿತು. ಇನ್ನೊಬ್ಬಳಿಗೆ ಒಲೆಯ ಮೇಲಿನ ಹಾಲು. ನಲವತ್ತು ಜನ ಕರಗಲು ಎರಡು ನಿಮಿಷ ಹಿಡಿಯಲಿಲ್ಲ. ಸೀತಕ್ಕನೂ, "ಎರಡು ಮೊಳ ತಾನೆ, ತಿಂದು ಸಾಯ್ಲಿ," ಎಂದು ಕೊಡ ಎತ್ತಿದಳು. ಉಳಿದವನು ಲೋಕೇಶನೊಬ್ಬನೇ. ಅವನು ದೋಣಿಯಿಂದ ಹಾರಿ, ತಾನೇ ಎದೆಮಟ್ಟದ ನೀರಿನವರೆಗೆ ತಳ್ಳಿಕೊಟ್ಟ.

"ಬೇಗ ಹೋಗಿ ಮಾರಾಯ್ರೆ. ನನ್ನ ಹೆಸರು ಎಲ್ಲೂ ಬರೀಬೇಡಿ."

ವಾಪಸು ದಾರಿಯಲ್ಲಿ ಗಾಳಿ ಜೋರಾಯಿತು. ದೋಣಿ ಒಂದು ಮಗ್ಗುಲಿಗೆ ವಾಲಿ, ದತ್ತಮೂರ್ತಿಗಳ ಅರ್ಧ ಮೈ ನೀರಿಗೆ ಅದ್ದಿ ತೆಗೆಯಿತು, ಚಹಾಕ್ಕೆ ಅದ್ದಿದ ಬ್ರೆಡ್ಡಿನ ಹಾಗೆ. ಚಪ್ಪಲಿ ಒಂದು ಹೋಯಿತು. ಒಂದಕ್ಕೆ ಐದು ನಿಮಿಷವಿದೆ ಎನ್ನುವಾಗ ದೋಣಿ ಊರಿನ ದಡಕ್ಕೆ ಢಿಕ್ಕಿ ಹೊಡೆಯಿತು.

ಹೋ ಎಂದು ಚಪ್ಪಾಳೆ. ಸುಬ್ಬಪ್ಪ ಓಡಿಬಂದ, ದೋಣಿಯ ಹತ್ತಿರಕ್ಕೆ. ತಳ ಬಡಿದು ನೋಡಿದ. ನಾರಾಯಣ ಬಗ್ಗಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಬೆರಳಾಡಿಸಿದ. ನಡುಗುತ್ತ ನಿಂತ ವೀರನ ಕೈಗೆ ಒಂದು ಟವೆಲ್ ಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ.

"ಸರಿ, ಗೆದ್ರಿ. ಬೋಟು ಇಟ್ಕೊಳ್ಳಿ," ಎಂದರು ಗಂಗಾಲಕ್ಷ್ಮಿ.

"ನಾಳೆ ಬೆಳಿಗ್ಗೆ ಮತ್ತೆ ಹೋಗ್ತೀನಿ," ದತ್ತಮೂರ್ತಿಗಳ ಹಲ್ಲು ಕಟಕಟ ಎನ್ನುತ್ತಿದ್ದರೂ ಮುಖ ಅರಳಿತ್ತು. "ಒಬ್ನೇ!"

"ಇನ್ನೂ ಒಬ್ರೇ ಎಂತಕ್ಕೆ ಸಾರ್?" ಎಂದ ಸುಬ್ಬಪ್ಪ, ಶರ್ಟಿನೊಳಗಿಂದ ಮಡಿಸಿದ ಕಾಗದ ತೆಗೆಯುತ್ತ. "ಮಗಳನ್ನ ಆಚೆ ಕೊಟ್ಟಿದೀನಿ. ಬಸ್ಸಲ್ಲಿ ಸುತ್ತಿ ಹೋದ್ರೆ ಅರ್ಧ ದಿನ. ಲಿಸ್ಟ್ ಮಾಡಿದೀವಿ ನೋಡಿ, ಸಲಕ್ಕೆ ಮೂರೇ ಜನ, ಹದಿನಾಲ್ಕು ಟ್ರಿಪ್ಪು. ಸುಬ್ಬಮ್ಮನೋರ ರುಬ್ಬೋ ಕಲ್ಲು ಬೇರೆ. ಬೋಟು ಬಂದ ದಿನದಿಂದ ಎಲ್ರಿಗೂ ಆಸೆ ಇತ್ತು ಸಾರ್. ಆದ್ರೆ ಗ್ಯಾರಂಟಿ ಇಲ್ದೆ ಹತ್ತೋದು ಹೇಗೆ? ಒಂದ್ಸಲ ಒಬ್ರೇ ಹೋಗಿ ಬರ್ಲಿ ನೋಡಣ ಅಂತ ನಾವೇ ಅಮ್ಮನೋರ ಕೈಲಿ ಹೇಳ್ಸಿದ್ದು."

ದತ್ತಮೂರ್ತಿಗಳು ಲಿಸ್ಟು ನೋಡಿದರು, ಹೆಂಡತಿಯನ್ನು ನೋಡಿದರು.

"ಅಲ್ವೇ, ನಾನು ಮುಳುಗಿದ್ರೆ?"

"ಮುಳುಗ್ಲಿಲ್ವಲ್ಲ," ಎಂದರು ಗಂಗಾಲಕ್ಷ್ಮಿ. ಆಮೇಲೆ ಹತ್ತಿರ ಬಂದು ಸೆರಗಿನಿಂದ ಅವರ ತಲೆ ಒರೆಸುತ್ತ, ಉಳಿದವರಿಗೆ ಕೇಳಿಸದ ಹಾಗೆ ಹೇಳಿದರು:

"ನಾಳೆ ಮೊದಲನೇ ಟ್ರಿಪ್ಪಿಗೆ ಸುಬ್ಬಪ್ಪನೋರು ಕೂತ್ಕೊಳ್ಲಿ. ಜನ ಹತ್ತಿದ್ರೆ ಹೇಗೆ ಹೋಗ್ತದೆ ಅಂತ ಅದೊಂದು ನೋಡ್ಕೊಂಡು, ನಾನು ಎರಡನೇದಕ್ಕೆ ಬರ್ತೀನಿ."