ತುಪ್ಪಕ್ಕೊಂದು ಜಪಾನಿ ಮಾತ್ರೆ

ಹೊಸ ಮದ್ದೊಂದು ಮನೆಗೆ ಬಂದರೆ ಸಾಕು, ನಮ್ಮ ಇವರ ಕೈಯಲ್ಲಿ ಅದು ಏನಾದರೊಂದು ಅವತಾರ ಎತ್ತದೆ ಬಿಡುವುದಿಲ್ಲ. ಇದು ಎಂಬತ್ತರ ದಶಕದ್ದು. ಆಗ ಮದ್ರಾಸಿನ ಟಿ. ನಗರದಲ್ಲಿ ನಮ್ಮ ಹೋಟೆಲಿತ್ತು.

೧

ಇವರ ಹೃದಯ ಸ್ವಲ್ಪ ದುರ್ಬಲ ಅಂತ ಡಾಕ್ಟರು ಹೇಳಿದ್ದೇ ತಡ, ನಾನು ತುಪ್ಪ ಬಂದ್ ಮಾಡಿದೆ. ನನಗೆ ಹೆದರಿಕೆ, ಇವರಿಗೆ ಸಿಟ್ಟು. ಆ ಹೊತ್ತಿಗೆ ಹಡಗಿನಲ್ಲಿ ಕೆಲಸಕ್ಕಿದ್ದ ಮೈದುನ ಜಪಾನಿನಿಂದ ಒಂದು ಬಾಟಲಿ ಮಾತ್ರೆ ತಂದು ಹೋಟೆಲಿಗೇ ಬಂದ. ಕೋಎಂಜೈಮ್ ಕ್ಯೂ ಟೆನ್ ಅಂತೆ.

"ಹೃದಯಕ್ಕೆ ಕಸುವು ಕೊಡ್ತದೆ ಅಣ್ಣಾ. ನಮ್ಮ ಮೈಯೇ ಇದನ್ನ ತಯಾರು ಮಾಡ್ತದೆ" ಅಂದ.

"ಮೈಯೇ ಮಾಡುವುದನ್ನ ಜಪಾನಿಂದ ಯಾಕೆ ತರುವುದು ಮಾರಾಯ? ನಮ್ಮದೇ ಹೋಟೆಲಿಟ್ಟುಕೊಂಡು ಪಕ್ಕದ ಹೋಟೆಲಿಂದ ಇಡ್ಲಿ ತರಿಸಿದ ಹಾಗಾಯ್ತು!" ಅಂದರು ಇವರು.

"ನಮ್ಮ ಅಡುಗೆ ಭಟ್ರಿಗೆ ವಯಸ್ಸಾಗಿ ಕೈ ನಿಧಾನ ಆದ್ರೆ ತರಿಸ್ಲೇಬೇಕಲ್ಲ?"

ಒಳಗಿದ್ದ ಭಟ್ರು ಸೌಟು ಹಿಡಿದುಕೊಂಡೇ ಹೊರಗೆ ಬಂದರು.

೨

ಮೈದುನ ಮಾತು ತಿರುಗಿಸಿದ. "ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗ್ತದಲ್ಲ, ಮೈಯೊಳಗೂ ಹಾಗೇ ಆಗ್ತದಂತೆ. ಅದನ್ನೂ ಈ ಮಾತ್ರೆ ತಡೀತದೆ."

"ಅದಕ್ಕೆ ಮಾತ್ರೆ ಯಾಕೆ? ನೀರಲ್ಲಿ ಮುಳುಗಿಸಿಟ್ರೆ ಸಾಕಪ್ಪ" ಅಂದುಬಿಟ್ಟರು ಭಟ್ರು.

ಮರುದಿನ ಸ್ನಾನಕ್ಕೆ ಹೋದ ಇವರು ಹೊರಗೆ ಬರುವ ಸುದ್ದಿಯೇ ಇಲ್ಲ. ಮದ್ರಾಸಿನ ಬೇಸಿಗೆ ಬೇರೆ, ಲಾರಿ ನೀರಿಗಾಗಿ ಬೀದಿಯಲ್ಲಿ ಕೊಡ ಸಾಲಿಡುವ ಕಾಲ! ಬಾಗಿಲು ಬಡಿದು ಕೂಗಿದೆ:

"ರೀ, ಬದನೆಕಾಯಿ ನೆನೆದದ್ದು ಸಾಕು, ಲಾರಿ ಬರುವುದು ಇನ್ನು ನಾಳೆ!"

೩

ಕೊನೆಗೆ ಡಾಕ್ಟರನ್ನೇ ಕೇಳಿದೆವು. ತಗೊಳ್ಳಿ, ಆದರೆ ಇದು ಜಿಡ್ಡಿನಲ್ಲಿ ಕರಗುವಂಥದ್ದು, ಊಟತಿಂಡಿಯ ಜೊತೆಗೇ ತಗೊಳ್ಳಿ ಅಂದರು. ಇವರ ಮುಖ ಅರಳಿತು.

"ಕೇಳಿದ್ಯಲ್ಲ? ಜಿಡ್ಡು ಬೇಕಂತೆ. ತುಪ್ಪದ ದೋಸೆ ಇಲ್ಲದಿದ್ರೆ ಮಾತ್ರೆ ದಂಡ!"

ಇವರ ಹೃದಯದ ವಿಷಯ, ಬೇಡ ಅನ್ನಲು ನನಗೆ ಧೈರ್ಯ ಬರಲಿಲ್ಲ. ದಿನಕ್ಕೊಂದು ತುಪ್ಪದ ದೋಸೆ, ಮಾತ್ರೆ ಮುಗಿದ ದಿನ ತುಪ್ಪವೂ ಬಂದ್ ಅಂತ ಒಪ್ಪಂದವಾಯಿತು. ಅದೆಂಥ ಶ್ರದ್ಧೆ ಅಂತೀರಿ! ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ತಟ್ಟೆಯ ಮುಂದೆ ಬಾಟಲಿ ಇಟ್ಟುಕೊಂಡು ಕೂರುತ್ತಿದ್ದರು. ತಿಂಗಳುಗಳು ಕಳೆದವು. "ಮಾತ್ರೆ ಇನ್ನೂ ಉಂಟಾ?" ಅಂತ ಕೇಳಿದರೆ "ಉಂಟು, ಉಂಟು" ಅನ್ನುವರು.

ಮೈದುನ ಮತ್ತೆ ರಜೆಗೆ ಬಂದವನು, "ಅತ್ತಿಗೆ, ಇನ್ನೊಂದು ಬಾಟಲಿ ತರ್ಲಾ?" ಅಂದ. ಇವರ ತಟ್ಟೆಯ ಮುಂದಿದ್ದ ಬಾಟಲಿಯ ಮುಚ್ಚಳ ತೆಗೆದು ನೋಡುತ್ತೇನೆ, ಕುತ್ತಿಗೆವರೆಗೂ ಮಾತ್ರೆ! ಒಂದೂ ಕಮ್ಮಿಯಾಗಿಲ್ಲ.

"ಎಂಥದ್ರೀ ಇದು? ಇಷ್ಟು ದಿನ ಬರೀ ತುಪ್ಪ ತಿಂದ್ರಾ?"

ಇವರು ದೋಸೆಯ ಕೊನೆಯ ತುಂಡನ್ನು ನಿಧಾನಕ್ಕೆ ಬಾಯಿಗಿಟ್ಟುಕೊಂಡರು.

"ಮತ್ತೆಂಥ ಮಾಡುವುದು? ಮಾತ್ರೆ ಮುಗಿದ್ರೆ ನೀನು ತುಪ್ಪ ನಿಲ್ಲಿಸ್ತೀಯಲ್ಲ ಮಾರಾಯ್ತಿ!"